ಮೂರು ಚುಕ್ಕಿಯ ಬ್ಯಾಟರಿ

ಗುಮ್ಮಳಾಪುರ
9-11-2025

ಮುನೀಶ,

ಪೋಸ್ಟ್‌ಮ್ಯಾನ್ ಕವರ್ ಕೊಟ್ಟ ಕೂಡಲೇ ಎದೆ ಹಿಡಿದುಕೊಳ್ಳಬೇಡ. ಇಲ್ಲಿ ಯಾರೂ ಸತ್ತಿಲ್ಲ. ಬರೆಯುತ್ತಿರುವವನು ನಿನ್ನ ಅಣ್ಣ ಕದಿರಪ್ಪ. ಎಂಟನೇ ಕ್ಲಾಸಿನಲ್ಲಿ ಬಿಟ್ಟ ಪೆನ್ನನ್ನು ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗು, ಪರವಾಗಿಲ್ಲ.

ಫೋನ್ ಮಾಡೋಣವೆಂದರೆ ನಿನ್ನ ಆಣೆ ಅಡ್ಡ ನಿಂತಿದೆ. ಊರಿನ ಹಿರಿಯರು ಅಂತ ಮುತ್ತರಾಯಪ್ಪನವರ ಹತ್ತಿರ ಹೋಗಿ, ಫೋನಿನಲ್ಲಿ ಬರೆದು ಕಳಿಸಿದರೆ ಆಣೆ ಮುರಿದ ಹಾಗಾಗುತ್ತದೆಯೇ ಎಂದು ಕೇಳಿದೆ. "ಫೋನು ಅಂದ್ರೆ ಬಾಯಿ ಕಣ್ಲಾ ಕದ್ರಪ್ಪ. ಅದ್ರಾಗೆ ಏನ್ ಮಾಡುದ್ರೂ ಮಾತೇ. ಕಾಗ್ದಕ್ಕೆ ಬಾಯಿಲ್ಲ, ಬೇಕಾರೆ ಬರ್ಕೊ" ಅಂದರು. ಅದಕ್ಕೇ ಈ ಅವತಾರ.

ಆಯುಧಪೂಜೆ ದಿನದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಟ್ರಾಕ್ಟರ್ ತೊಳೆದು, ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ನೆಂಟರೆಲ್ಲ ನೋಡುತ್ತಿರುವಾಗ ಕೀ ತಿರುಗಿಸಿದರೆ ಸೆಲ್ಫ್ ಬರೀ ಕಟ್ ಕಟ್ ಅಂತು, ಇಂಜಿನ್ ಎದ್ದೇಳಲಿಲ್ಲ. ನೀನು ಕೆಲಸ ಮಾಡುವ ಅಂಗಡಿಯಿಂದ ಹೊಸದೆಂದು ತಂದು ಕೂರಿಸಿ ಇನ್ನೂ ಆರು ತಿಂಗಳಾಗದ ಬ್ಯಾಟರಿ. ನಿನ್ನ ಅತ್ತಿಗೆಯ ತಮ್ಮ ದೇವರಾಜು ಸುಮ್ಮನಿದ್ದನೇ? "ಭಾವ, ಹಳೇ ಬ್ಯಾಟ್ರಿಗೆ ಹೊಸ ಸ್ಟಿಕ್ಕರ್ ಅಂಟ್ಸಿ ನಿನ್ ತಲೆಗೆ ಕಟ್ಟವ್ನೆ ನಿನ್ ತಮ್ಮ" ಅಂದ. ನಾನು ಅಷ್ಟು ಜನರ ಮುಂದೆ ನಿನ್ನನ್ನು "ಎಷ್ಟ್ ತಿಂದ್ಯಲಾ?" ಅಂತ ಕೇಳಿಬಿಟ್ಟೆ. ನೀನು ಬಾನೆಟ್ ಮೇಲೆ ಕರ್ಪೂರ ಹಚ್ಚಿ, ಅಂಗೈಯಲ್ಲಿ ಹೊಡೆದು ಆರಿಸಿದೆ. "ಇದು ಹೊಸ ಬ್ಯಾಟ್ರಿ. ಸುಳ್ಳಾದ್ರೆ ಈ ಕೈ ಬಿದ್ದೋಗ್ಲಿ. ನಿಜ ಅಂತ ನೀನ್ ಒಪ್ಪೋಗಂಟ ನಿನ್ ಜತೆ ಒಂದ್ ಮಾತೂ ಆಡಲ್ಲ" ಅಂದೆ. ಕೈಯ ಬೊಬ್ಬೆ ವಾಸಿಯಾಯಿತೇ?

ಮುತ್ತರಾಯಪ್ಪನವರು ಒಂದು ದಾರಿ ಹೇಳಿದ್ದಾರೆ. ಟ್ರಾಕ್ಟರ್ ಕಣದಲ್ಲಿ ಹೊಂಗೆಮರದ ಕೆಳಗೆ ಬಯಲಲ್ಲೇ ನಿಲ್ಲಬೇಕು. ಶಿವರಾತ್ರಿಯವರೆಗೆ ಯಾರೂ ಕೀ ತಿರುಗಿಸಬಾರದು. "ಹೊಸಾದಾದ್ರೆ ಈ ಚಳಿ ತಡ್ಕೊಂಡು ಸ್ಟಾರ್ಟ್ ಆಯ್ತದೆ, ಹಳೇದಾದ್ರೆ ಮಾಗಿಗೇ ಮಲಗ್ತದೆ" ಎನ್ನುತ್ತಾರೆ. ಸ್ಟಾರ್ಟ್ ಆದರೆ ನಾವಿಬ್ಬರೂ ಅದೇ ಬಾನೆಟ್ ಮೇಲೆ ಕರ್ಪೂರ ಹಚ್ಚಿ, ಇಬ್ಬರೂ ಕೈ ಸೇರಿಸಿ ಹೊಡೆದು ಆರಿಸಿದರೆ ಆಣೆ ಬಿಟ್ಟುಹೋಗುತ್ತದಂತೆ. ಒಬ್ಬರ ಕೈಯಿಂದ ಆಗುವುದಿಲ್ಲ. ನಿನಗೆ ಒಪ್ಪಿಗೆಯಾದರೆ ಬರಿ. ಮನೆಯಲ್ಲಿ ರಮಾದೇವಿಯನ್ನು ಕೇಳಿದೆನೆಂದು ಹೇಳು.

ನಿನ್ನ ಅಣ್ಣ
ಕದಿರಪ್ಪ

*

ಹೊಸೂರು
16-11-2025

ಅಣ್ಣನಿಗೆ,

ಕಾಗದ ಬಂತು. ಒಪ್ಪಿಗೆ ಇದೆ. ಆದರೆ ಮುತ್ತರಾಯಪ್ಪನವರಿಗೆ ಬೆಳೆ ಗೊತ್ತು, ದನ ಗೊತ್ತು, ಬ್ಯಾಟರಿ ಗೊತ್ತಿಲ್ಲ. ಮೂರು ತಿಂಗಳು ಆರೈಕೆ ಇಲ್ಲದೆ ಬಯಲಲ್ಲಿ ನಿಲ್ಲಿಸಿದರೆ ಎಂಥ ಹೊಸ ಬ್ಯಾಟರಿಯೂ ಸಾಯುತ್ತದೆ. ಹಾಗೆ ಸತ್ತರೆ ನಾನು ಕಳ್ಳನಾಗುತ್ತೇನೆ. ಆದ್ದರಿಂದ ನಾನು ಹೇಳಿದಂತೆ ನೀನು ನೋಡಿಕೊಳ್ಳುವುದಾದರೆ ಮಾತ್ರ ಒಪ್ಪಿಗೆ.

ಮೊದಲು ಮೈನಸ್ ಕಡೆಯ ವಯರ್ ಬಿಚ್ಚಿ ಪಕ್ಕಕ್ಕೆ ಸರಿಸಿಡು. ವಯರ್ ಸಿಕ್ಕಿಸಿದ್ದರೆ ಗಾಡಿ ನಿಂತಿದ್ದರೂ ಕರೆಂಟ್ ಸೋರುತ್ತಲೇ ಇರುತ್ತದೆ. ಮೇಲೆ ಗೋಣಿಚೀಲ ಹೊದಿಸು. ಪ್ಲಾಸ್ಟಿಕ್ ಬೇಡ, ಅದರೊಳಗೆ ಇಬ್ಬನಿ ಬೆವರಿ ಕೂರುತ್ತದೆ. ಗುಮ್ಮಳಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ಸಣ್ಣ ಚಾರ್ಜರ್, ಎರಡು ಕ್ಯಾನ್ ಬ್ಯಾಟರಿ ನೀರು, ಒಂದು ಗಾಜಿನ ನಳಿಗೆ ಇವೆ. ತಿಂಗಳಿಗೊಮ್ಮೆ ಬೆಳಿಗ್ಗೆಯಿಂದ ಸಂಜೆವರೆಗೆ ಚಾರ್ಜ್ ಹಾಕು. ನಳಿಗೆಯನ್ನು ಬ್ಯಾಟರಿಯ ಆರು ಕೋಣೆಗೂ ಇಳಿಸಿ, ನೀರು ಹೀರಿಸಿ, ಒಳಗಿನ ಬುರುಡೆ ಯಾವ ನಂಬರಿಗೆ ತೇಲುತ್ತದೆಂದು ನೋಡು. 1250ರ ಹತ್ತಿರ ಇದ್ದರೆ ಗಟ್ಟಿಮುಟ್ಟಾಗಿದೆ ಎಂದರ್ಥ. 1150ಕ್ಕೆ ಇಳಿದರೆ ತಕ್ಷಣ ಬರಿ. ಬಾವಿ ನೀರು ಮಾತ್ರ ಹಾಕಬೇಡ, ನಿನ್ನ ದಮ್ಮಯ್ಯ.

ಇನ್ನೊಂದು ವಿಷಯ. ಮೈನಸ್ ಕಡೆ ವಯರ್ ಸಿಕ್ಕಿಸುವ ಸೀಸದ ಗೂಟದ ತಲೆಯ ಮೇಲೆ ಮೂರು ಚುಕ್ಕಿ ಇವೆ, ಒಲೆಯ ಮೂರು ಕಲ್ಲಿನ ಹಾಗೆ. ನಮ್ಮ ಅಂಗಡಿಯಲ್ಲಿ ಬ್ಯಾಟರಿ ಕೂರಿಸುವ ಪ್ರತಿಯೊಬ್ಬನೂ ತನ್ನ ಗುರುತು ಹೊಡೆಯಬೇಕು. ಬ್ಯಾಟರಿ ವಾಪಸ್ ಬಂದರೆ ಯಾರ ಕೈಯ ಕೆಲಸವೆಂದು ತಿಳಿಯಲಿ ಅಂತ. ಬಿಳಿ ಪುಡಿ ಕಟ್ಟಿದರೆ ಬಿಸಿನೀರಲ್ಲಿ ತೊಳೆ, ಅರದಿಂದ ಉಜ್ಜಿ ಗುರುತು ಅಳಿಸಬೇಡ.

ಬೊಬ್ಬೆ ವಾಸಿಯಾಗಿದೆ. ನೀನು ಕೇಳಿದ ಎರಡು ಪದ ವಾಸಿಯಾಗಿಲ್ಲ. ಹದಿನೇಳು ವರ್ಷದಿಂದ ಈ ಅಂಗಡಿಯಲ್ಲಿದ್ದೇನೆ. ದೇವರಾಜು ಹೇಳಿದ್ದು ಇಲ್ಲಿಗೂ ಮುಟ್ಟಿದೆ. ಮಾಲೀಕರು ಗೋಡೌನಿನ ಸ್ಟಾಕ್ ಎರಡು ಸಲ ಎಣಿಸಿದರು.

ತಮ್ಮ
ಮುನೀಶ

*

ಗುಮ್ಮಳಾಪುರ
21-12-2025

ಮುನಿ,

ಪೆಟ್ಟಿಗೆ ಬಂತು. ಹೇಳಿದ್ದೆಲ್ಲ ಮಾಡಿದ್ದೇನೆ. ನಳಿಗೆಯಿಂದ ಮೊದಲ ಸಲ ಹೀರಿಸುವಾಗ ಆಸಿಡ್ ನೀರು ಪಂಚೆಗೆ ಬಿದ್ದು ಮೂರು ಕಡೆ ತೂತಾಯಿತು. ನಿನ್ನ ಅತ್ತಿಗೆ ಗೋವಿಂದಮ್ಮನಿಗೆ ಸಂತೋಷವೋ ಸಂತೋಷ. "ಆ ಬ್ಯಾಟ್ರಿಗ್ ಮಾಡೋ ಸೇವೇಲಿ ಕಾಲ್ಪಾಲು ನನ್ ಸೊಂಟಕ್ಕೆ ಮಾಡಿದ್ರೆ ಎದ್ದು ಓಡಾಡ್ತಿದ್ದೆ" ಎನ್ನುತ್ತಾಳೆ. ಟ್ರಾಕ್ಟರ್ ಹತ್ತಿರ ಹೋಗುವಾಗಲೆಲ್ಲ "ನಿನ್ ಎರಡ್ನೇವ್ಳ ಹತ್ರ ಹೊಂಟ್ಯಾ?" ಅಂತ ಕೇಳುತ್ತಾಳೆ.

ಚಳಿ ಈ ಸಲ ವಿಪರೀತ. ತಳಿ ಊರಿನ ಕಡೆಯಿಂದ ಮಂಜು ಇಳಿದರೆ ಒಂಬತ್ತಾದರೂ ಹೊಂಗೆಮರ ಕಾಣುವುದಿಲ್ಲ. ಸೀಟಿನ ಮೇಲೆ ಇಬ್ಬನಿ ನೀರು ನಿಂತಿರುತ್ತದೆ. ಗೋಣಿಚೀಲ ದಿನಾ ಒದ್ದೆ. ನಾನು ದಿನಾ ಬಿಸಿಲಿಗೆ ಹಾಕಿ ಸಂಜೆ ಹೊದಿಸುತ್ತೇನೆ. ಬಾನೆಟ್, ನಟ್ಟು, ಬೋಲ್ಟು ಎಲ್ಲ ತುಕ್ಕು ಹಿಡಿಯುತ್ತಿವೆ, ಅವಕ್ಕೆ ನಾನು ಏನೂ ಮಾಡಿಲ್ಲ. ನನ್ನ ಗಮನವೆಲ್ಲ ಬ್ಯಾಟರಿ ಮೇಲೆ.

ಮೊನ್ನೆ ಚಾರ್ಜ್ ಮುಗಿದ ಮೇಲೆ ನೋಡಿದೆ. ಐದು ಕೋಣೆ 1250, ಒಂದು 1245. ನಿನ್ನ ಮೂರು ಚುಕ್ಕಿ ಹಾಗೇ ಇವೆ. ಬೆರಳಿಟ್ಟು ಸವರಿ ನೋಡಿದೆ. ಯಾಕೆಂದು ಕೇಳಬೇಡ.

ರಾಗಿ ಕೊಯ್ಲಿಗೆ ಭೈರೇಶನ ಟ್ರಾಕ್ಟರ್ ಬಾಡಿಗೆಗೆ ಕರೆದೆ. ನಮ್ಮದನ್ನು ನಿಲ್ಲಿಸಿಕೊಂಡು ಬಾಡಿಗೆ ಗಾಡಿ ತರುವವನನ್ನು ಊರು ಹುಚ್ಚನೆನ್ನುತ್ತದೆ. ಅನ್ನಲಿ ಬಿಡು.

ಅಣ್ಣ

*

ಹೊಸೂರು
11-1-2026

ಅಣ್ಣನಿಗೆ,

ನಂಬರ್ ನೋಡಿ ರಮಾದೇವಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. 1245 ಅಂದರೆ ಹೆದರಬೇಡ, ಚಳಿಗೆ ಅಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಪಂಚೆಯ ತೂತಿಗೆ ನಾನು ಜವಾಬ್ದಾರನಲ್ಲ.

ಸಂಕ್ರಾಂತಿಗೆ ಬರುವುದಿಲ್ಲ. ಬಂದು ನಿನ್ನ ಎದುರಿಗೆ ಮೂಗನ ಹಾಗೆ ಕೂತು ಎಳ್ಳುಬೆಲ್ಲ ತಿನ್ನಲು ನನ್ನಿಂದಾಗದು. ಶಿವರಾತ್ರಿ ಭಾನುವಾರ ಬಿದ್ದಿದೆ, ರಜೆ ಕೇಳಬೇಕಿಲ್ಲ, ಖಂಡಿತ ಬರುತ್ತೇನೆ.

ನಾನು ಚಿಕ್ಕವನಿದ್ದಾಗ, ಅಪ್ಪ ತೀರಿಕೊಂಡ ವರ್ಷ, ನೀನು ನನ್ನನ್ನು ಟ್ರಾಕ್ಟರ್ ಮಡ್ಗಾರ್ಡ್ ಮೇಲೆ ಕೂರಿಸಿ, ಬೀಳದಿರಲೆಂದು ನಿನ್ನ ಟವೆಲ್ಲಿನಿಂದ ನನ್ನ ಸೊಂಟವನ್ನು ನಿನ್ನ ಸೊಂಟಕ್ಕೆ ಕಟ್ಟಿಕೊಂಡು ಉಳುತ್ತಿದ್ದೆ. ನಿದ್ದೆ ಬಂದರೆ ನಿನ್ನ ಬೆನ್ನಿಗೇ ಒರಗುತ್ತಿದ್ದೆ. ಈಗ ಅಂಗಡಿಗೆ ಟ್ರಾಕ್ಟರ್ ಬಂದಾಗೆಲ್ಲ ಅದು ನೆನಪಾಗಿ ಅಳು ಬರುತ್ತದೆ. ನಲವತ್ತು ದಾಟಿದವನು ಬ್ಯಾಟರಿ ಎತ್ತುತ್ತಾ ಅಳುತ್ತಿದ್ದಾನೆಂದರೆ ಜತೆಯವರು ಏನೆನ್ನುತ್ತಾರೆ? ಆಸಿಡ್ ಹೊಗೆ ಎನ್ನುತ್ತೇನೆ.

ನನ್ನನ್ನು ನಂಬುತ್ತೀಯಾ ಎಂದು ನಿನ್ನನ್ನು ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ. ನನ್ನನ್ನು ನಂಬದಿದ್ದರೂ ಆ ನಳಿಗೆಯನ್ನು ನಂಬು. ಬ್ಯಾಟರಿಯ ವಿಷಯದಲ್ಲಿ ಕಿವಿಗೆ ಕೇಳಿದ್ದು ಸುಳ್ಳಾಗಬಹುದು, ನಂಬರ್ ಸುಳ್ಳಾಗುವುದಿಲ್ಲ.

ಅತ್ತಿಗೆಗೆ ಸೊಂಟನೋವಿನ ಎಣ್ಣೆ ಕಳಿಸಿದ್ದೇನೆ. ನೀನೇ ಹಚ್ಚು.

ಮುನಿ

*

ಗುಮ್ಮಳಾಪುರ
11-2-2026

ಮುನೀಶ,

ಭಾನುವಾರ ಬಂದುಬಿಡು, ಬೆಳಿಗ್ಗೆ ಬಸ್ಸಿಗೇ ಹೊರಡು. ಟ್ರಾಕ್ಟರ್ ಸ್ಟಾರ್ಟ್ ಆಗೇ ಆಗುತ್ತದೆ, ಅದಕ್ಕೆ ನಾನು ಗ್ಯಾರಂಟಿ. ನೀನು ಏನೂ ಯೋಚನೆ ಮಾಡಬೇಡ. ಬ್ಯಾಟರಿ ಮುಚ್ಚಳದ ಮೇಲೆಲ್ಲ ಹೂವು ಕಟ್ಟಿ ಅಲಂಕಾರ ಮಾಡಿಸುತ್ತೇನೆ, ಅದನ್ನು ಬಿಚ್ಚಿ ನೋಡುವುದೆಲ್ಲ ಬೇಡ. ನಂಬರ್ ಈ ಸಲ ಬರೆದಿಟ್ಟುಕೊಳ್ಳಲಿಲ್ಲ. ಕೆಲಸ ಜಾಸ್ತಿ.

ಹೊಸ ಅಂಗಿ ಹಾಕಿಕೊಂಡು ಬಾ.

ಅಣ್ಣ

*

ಹೊಸೂರು
18-2-2026

ಅಣ್ಣನಿಗೆ,

ಶಿವರಾತ್ರಿ ದಿನ ನಾನು ಯಾರಿಗೂ ಹೇಳದೆ ವಾಪಸ್ ಬಸ್ ಹತ್ತಿದ್ದಕ್ಕೆ ಶಿಫ್ಟ್ ಇತ್ತು ಎಂದು ನೀನು ಅತ್ತಿಗೆಗೆ ಹೇಳಿರಬಹುದು. ಶಿಫ್ಟ್ ಇರಲಿಲ್ಲ.

ನೀನು ಕೀ ತಿರುಗಿಸಿದಾಗ ಟ್ರಾಕ್ಟರ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಜನ ಕೂಗಿದರು. ಮುತ್ತರಾಯಪ್ಪನವರು "ಮುನೀಶ ನಿಜ ಕಣ್ರಪ್ಪ" ಎಂದು ಟವೆಲ್ ಬೀಸಿದರು. ನೀನು ಸೀಟಿನಿಂದಲೇ ನನ್ನ ಕಡೆ ನೋಡಿ ನಕ್ಕೆ. ನಾಲ್ಕು ತಿಂಗಳಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ. ನಿನ್ನ ಹತ್ತಿರ ಆಡಬೇಕಾದ ಮೊದಲ ಮಾತನ್ನು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ. ಅತ್ತಿಗೆ ಕರ್ಪೂರ ತರಲು ಒಳಗೆ ಹೋದರು. ಅಷ್ಟರಲ್ಲಿ ನನಗೆ ಬ್ಯಾಟರಿಯನ್ನು ಮುಟ್ಟಿ ನಮಸ್ಕಾರ ಮಾಡಬೇಕೆನಿಸಿತು. ಹೂವು ಸರಿಸಿ ಮುಚ್ಚಳ ಎತ್ತಿದೆ.

ಮೂರು ಚುಕ್ಕಿ ಇದ್ದವು. ನನ್ನವಲ್ಲ. ಗುರುತು ಹಾಕುವ ನನ್ನ ಪಂಚ್ ಗುಂಡಗೆ ಹೊಡೆಯುತ್ತದೆ. ಇವು ಮೊಳೆಯಿಂದ ಹೊಡೆದವು, ಒಂದು ಚುಕ್ಕಿ ಜಾರಿ ಬಾಲ ಬಂದಿತ್ತು. ಬ್ಯಾಟರಿ ಡಬ್ಬದ ಮೈಗೆ ನೀನು ಮಣ್ಣು ಮೆತ್ತಿದ್ದೆ. ಮಣ್ಣಿನ ಕೆಳಗೆ ಹೊಸ ಪ್ಲಾಸ್ಟಿಕ್ ಮಿನುಗುತ್ತಿತ್ತು. ಹದಿನೇಳು ವರ್ಷ ಇದೇ ಕೆಲಸ ಮಾಡಿದವನಿಗೆ ಅದು ಕಾಣುವುದಿಲ್ಲ ಅಂದುಕೊಂಡೆಯಾ?

ಮುಚ್ಚಳ ಮುಚ್ಚಿ ಹೂವು ಮತ್ತೆ ಹೊದಿಸಿ ಬಂದೆ. ನಿನ್ನ ಮರ್ಯಾದೆ ತೆಗೆಯಲು ಮನಸ್ಸಾಗಲಿಲ್ಲ.

ನೀನು ಒಳ್ಳೆಯದಕ್ಕೇ ಮಾಡಿದೆ, ಗೊತ್ತು. ತಮ್ಮನ ಮಾನ ಉಳಿಸಲು ಮಾಡಿದೆ. ಆದರೆ ಹೊಸ ಬ್ಯಾಟರಿ ಕೊಂಡು ತರುವಾಗ, ಮೊಳೆ ಹಿಡಿದು ಆ ಚುಕ್ಕಿ ಹೊಡೆಯುವಾಗ ನಿನ್ನ ಮನಸ್ಸಿನಲ್ಲಿ ನಾನು ಕಳ್ಳನೇ ಆಗಿದ್ದೆ. ಕಳ್ಳನಲ್ಲ ಎಂದು ನಂಬಿದ್ದರೆ ನಾನು ಕೂರಿಸಿದ್ದನ್ನೇ ಇರಲು ಬಿಡುತ್ತಿದ್ದೆ. ಜನರ ಮುಂದೆ ಎಷ್ಟು ತಿಂದೆ ಎಂದು ಕೇಳಿದ್ದು ಕೋಪದಲ್ಲಿ. ಇದು ಕೋಪವಲ್ಲ. ವಾರಗಟ್ಟಲೆ ಯೋಚಿಸಿ ಮಾಡಿದ್ದು.

ಆಣೆ ಹಾಗೇ ಇರಲಿ. ಇನ್ನು ಕಾಗದವೂ ಬೇಡ.

ಮುನೀಶ

*

ಗುಮ್ಮಳಾಪುರ
22-2-2026

ಮುನಿ,

ಬೇಡ ಅಂದರೂ ಬರೆಯುತ್ತಿದ್ದೇನೆ. ಬೈಯಬೇಕಾದರೆ ಓದಿದ ಮೇಲೆ ಬೈ.

ವಾರಗಟ್ಟಲೆ ಯೋಚಿಸಿದ್ದಲ್ಲ ಕಣೋ. ಶಿವರಾತ್ರಿಗೆ ಏಳು ದಿನ ಮುಂಚೆ, ಮುಂಜಾನೆ ಮಂಜಿನಲ್ಲಿ, ಯಾರೂ ಇಲ್ಲದ ಹೊತ್ತಿನಲ್ಲಿ ತಡೆಯಲಾರದೆ ವಯರ್ ಸಿಕ್ಕಿಸಿ ಕೀ ತಿರುಗಿಸಿದೆ. ಕಟ್ ಕಟ್ ಅಂತು. ಮತ್ತೆ ತಿರುಗಿಸಿದೆ, ಮತ್ತೆ ಅದೇ. ಆಯುಧಪೂಜೆ ದಿನದ ಅದೇ ಸದ್ದು. ನಳಿಗೆ ಹಾಕಿ ನೋಡಿದೆ, ಆರೂ ಕೋಣೆ 1250 ತೋರಿಸಿತು. ನಂಬರನ್ನು ನಂಬು ಅಂತ ನೀನು ಬರೆದದ್ದು ಜೇಬಿನಲ್ಲೇ ಇತ್ತು. ನಾನು ನಂಬಲಿಲ್ಲ. ಸದ್ದನ್ನು ನಂಬಿದೆ.

ನಿನಗೆ ಬರೆದು ಕೇಳಬೇಕಿತ್ತು. ಕೇಳಿದರೆ ಮತ್ತೆ ಸಂಶಯಪಟ್ಟ ಎಂದು ನೊಂದುಕೊಳ್ಳುತ್ತೀಯ ಅಂತ ಹೆದರಿದೆ. ಅಷ್ಟು ಜನರ ಮುಂದೆ ಅದು ಕಟ್ ಕಟ್ ಅಂದು, ದೇವರಾಜು ನಗುವುದನ್ನು ನಾನು ನೋಡಲಾರದವನಾಗಿದ್ದೆ. ಜೀಪಿನಲ್ಲಿ ಹೋಗಿ ಹೊಸ ಬ್ಯಾಟರಿ ತಂದೆ. ಅಂಗಡಿಯವನು ಇದರ ಗೂಟ ದಪ್ಪ, ನಿಮ್ಮ ಹಳೇ ವಯರ್ ಕೂರಲ್ಲ ಎಂದು ಹೊಸ ವಯರನ್ನೂ ಕೊಟ್ಟ. ನಿನ್ನ ಬ್ಯಾಟರಿಯನ್ನು ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಇಟ್ಟಿದ್ದೇನೆ.

ನೀನು ಕಳ್ಳನೆಂದು ನಂಬಿದ್ದೆನೇ? ನೀನು ಬರೆದ ಮೇಲೆ ನನ್ನನ್ನು ನಾನೇ ಕೇಳಿಕೊಂಡೆ. ಆ ಮುಂಜಾನೆ ನಂಬಿದ್ದೆ ಮುನಿ. ನಂಬಿದ್ದರೂ ನೀನು ಬೇಕೆನಿಸಿತ್ತು. ಕಳ್ಳನಾದರೆ ಆಗಲಿ, ನನ್ನ ಕಳ್ಳ ಅಂದುಕೊಂಡೆ. ಇಷ್ಟಕ್ಕಿಂತ ಹೆಚ್ಚು ನಿಜ ಹೇಳಲು ನನಗೆ ಬರುವುದಿಲ್ಲ.

ಬಾರೋ. ಬಂದು ಹೊಡಿ.

ಅಣ್ಣ

*

ಹೊಸೂರು
8-3-2026

ಭಾವನವರಿಗೆ ರಮಾದೇವಿಯ ನಮಸ್ಕಾರ.

ನೀವು ಬರೆದ ಕವರನ್ನು ಒಡೆಯದೆ ವಾಪಸ್ ಕಳಿಸುತ್ತಿದ್ದೇನೆ. ಮೂರು ಸಲ ಅವರ ಮುಂದಿಟ್ಟೆ, ಓದಲಿಲ್ಲ. ನಾನು ಒಡೆಯಲು ಹೋದರೆ ಕೈ ಹಿಡಿದರು.

ನಿಮಗೆ ಗೊತ್ತೋ ಇಲ್ಲವೋ, ದೇವರಾಜು ನಿಮ್ಮ ಕೊಟ್ಟಿಗೆಯಲ್ಲಿ ಹಳೇ ಬ್ಯಾಟರಿ ನೋಡಿದ್ದಾನೆ. ನೀವು ಹೊಸದು ಕೊಂಡ ಅಂಗಡಿಯಲ್ಲೂ ವಿಚಾರಿಸಿದ್ದಾನೆ. ಹೊಸೂರಿಗೆ ಬಂದವನು ಇವರ ಅಂಗಡಿ ಮುಂದೆ ನಿಂತು, "ಸ್ವಂತ ಅಣ್ಣನೇ ಹೊಸ ಬ್ಯಾಟ್ರಿ ತಂದು ಹಾಕ್ದ ಅಂದ್ರೆ ಇನ್ನೇನ್ ಸಾಕ್ಷಿ ಬೇಕು?" ಎಂದು ನಗುತ್ತಾ ಹೇಳಿಹೋದ. ಮರುದಿನ ಮಾಲೀಕರು ಗೋಡೌನ್ ಬೀಗದಕೈ ತೆಗೆದುಕೊಂಡರು. ಇವರು ಆ ಸಂಜೆಯೇ ಕೆಲಸ ಬಿಟ್ಟರು.

ನಾಮಕ್ಕಲ್ ಕಡೆ ಲಾರಿ ಷೆಡ್ಡಿನಲ್ಲಿ ಕೆಲಸ ಸಿಕ್ಕಿದೆ. ಬುಧವಾರ ಹೊರಡುತ್ತೇವೆ. ವಿಳಾಸ ಕೊಡಬೇಡ ಎಂದಿದ್ದಾರೆ. ನನ್ನನ್ನು ಕ್ಷಮಿಸಿ ಭಾವ. ಅಕ್ಕನ ಸೊಂಟ ಹೇಗಿದೆ?

ರಮಾದೇವಿ

*

ಗುಮ್ಮಳಾಪುರ
20-3-2026

ಮುನಿ,

ವಿಳಾಸವಿಲ್ಲದ ಕಾಗದ ಇದು. ಬರೆದು ಚಾರ್ಜರ್ ಪೆಟ್ಟಿಗೆಯಲ್ಲಿಡುತ್ತೇನೆ.

ನಿನ್ನೆ ಯುಗಾದಿ. ಎಣ್ಣೆನೀರು ಮುಗಿಸಿ, ಕೊಟ್ಟಿಗೆಗೆ ಹೋಗಿ ನಿನ್ನ ಬ್ಯಾಟರಿಯನ್ನು ಹುಲ್ಲಿನ ಹಿಂದಿನಿಂದ ಎತ್ತಿ ತಂದೆ. ಆರು ವಾರದಿಂದ ಚಾರ್ಜ್ ಕಂಡಿಲ್ಲ, ಆರೈಕೆ ಇಲ್ಲ. ಟ್ರಾಕ್ಟರಿನಿಂದ ಹೊಸದನ್ನು ಕಿತ್ತು, ನಿನ್ನದನ್ನು ಕೂರಿಸಿದೆ. ಹೊಸ ವಯರಿನ ಕೊಕ್ಕೆ ಸ್ವಲ್ಪ ಸಡಿಲವಾಯಿತು, ತಗಡು ಮಡಚಿ ಬಿಗಿದೆ. ಕೀ ತಿರುಗಿಸಿದೆ.

ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ನಿಲ್ಲಿಸಿ ಮತ್ತೆ ತಿರುಗಿಸಿದೆ. ಮತ್ತೆ ಒಂದೇ ಏಟು. ಐದು ಸಲ ಮಾಡಿದೆ. ಆಮೇಲೆ ಮೂಲೆಗೆ ಎಸೆದಿದ್ದ ಹಳೇ ಮೈನಸ್ ವಯರನ್ನು ಎತ್ತಿ ನೋಡಿದೆ. ಬ್ಯಾಟರಿ ಕಡೆಯ ತುದಿ ನಾನು ದಿನಾ ಒರೆಸಿ ಒರೆಸಿ ಹೊಳೆಯುತ್ತಿತ್ತು. ಟ್ರಾಕ್ಟರ್ ಮೈಗೆ ಬೋಲ್ಟ್ ಹಾಕುವ ಇನ್ನೊಂದು ತುದಿ ಇದೆಯಲ್ಲ, ಅದು ಹಸಿರು ಕಟ್ಟಿ, ತುಕ್ಕು ತಿಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಯಿತು. ಆಯುಧಪೂಜೆ ದಿನ ತೊಳೆದದ್ದೂ ನಾನೇ, ಎರಡು ಕೊಡ ನೀರು ಅದರ ಮೇಲೇ ಸುರಿದಿದ್ದೆ. ಎರಡು ಸಲವೂ ಕಟ್ ಕಟ್ ಅಂದದ್ದು ಆ ತುದಿಯಿಂದ. ನಿನ್ನ ಬ್ಯಾಟರಿಯಲ್ಲಿ ಯಾವತ್ತೂ ಏನೂ ಆಗಿರಲಿಲ್ಲ ಮುನಿ. ಅಷ್ಟು ನೋಡಿ ಕಣದಲ್ಲೇ ಕೂತು ಅತ್ತೆ. ಗೋವಿಂದಮ್ಮ ಬಂದು ಏನಾಯಿತು ಎಂದು ಕೇಳಿದರೆ, ಸ್ಟಾರ್ಟ್ ಆಯ್ತು ಕಣೇ, ಸ್ಟಾರ್ಟ್ ಆಯ್ತು ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಮುತ್ತರಾಯಪ್ಪನವರ ಮನೆಗೆ ಓಡಿದೆ. ಹಬ್ಬದ ಊಟಕ್ಕೆ ಬಂದಿದ್ದವರೆಲ್ಲ ಜಗಲಿಯಲ್ಲಿದ್ದರು. ಎಲ್ಲವನ್ನೂ ಒಪ್ಪಿಕೊಂಡೆ. ಬನ್ನಿ, ಈಗಲೇ ತೋರಿಸುತ್ತೇನೆ ಎಂದು ಅಂಗಲಾಚಿದೆ. ಅವರು ಎದ್ದೇಳಲಿಲ್ಲ. "ಒಂದ್ಸಲ ಬ್ಯಾಟ್ರಿ ಬದ್ಲಾಯ್ಸಿ ತೋರ್ಸ್ದವ್ನು ನೀನು. ಇವತ್ತು ಯಾವ್ದುನ್ನ ಇಟ್ಟಿದ್ದೀಯ ಅಂತ ನಾವ್ ಹೆಂಗ್ಲಾ ನಂಬೋದು?" ಎಂದರು. ಮೂರು ಚುಕ್ಕಿ ಇದೆ, ಬಂದು ನೋಡಿ ಎಂದೆ. "ಅದ್ರಲ್ಲೂ ಮೂರ್ ಚುಕ್ಕಿ ಇತ್ತಲ್ಲಪ್ಪ" ಎಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ದೇವರಾಜು ನಗಲಿಲ್ಲ, ಒಬ್ಬಟ್ಟು ತಿನ್ನುತ್ತಿದ್ದ.

ಮನೆಗೆ ಬಂದು ಬಾನೆಟ್ ಮೇಲೆ ಕರ್ಪೂರ ಹಚ್ಚಿದೆ. ಇದು ಹೊಸ ಬ್ಯಾಟರಿ, ನನ್ನ ತಮ್ಮ ಹೇಳಿದ್ದು ನಿಜ, ಒಪ್ಪಿದೆ ಎಂದು ಜೋರಾಗಿಯೇ ಹೇಳಿದೆ. ನನ್ನ ಕೈ ಚಾಚಿದೆ. ಪಕ್ಕದಲ್ಲಿ ಇನ್ನೊಂದು ಕೈ ಇಲ್ಲವಲ್ಲ, ಹೊಡೆದು ಆರಿಸಲಾಗಲಿಲ್ಲ. ಅದು ತಾನೇ ಉರಿದು ಮುಗಿಯಿತು. ಬಾನೆಟ್ ಮೇಲೆ ಕಪ್ಪು ಕಲೆ ಉಳಿದಿದೆ, ಆಯುಧಪೂಜೆಯ ಕಲೆಯ ಪಕ್ಕದಲ್ಲೇ.

ಇವತ್ತು ಬೆಳಿಗ್ಗೆಯಿಂದ ಚಾರ್ಜ್ ಹಾಕಿದ್ದೆ. ಈಗ ತಾನೇ ನಳಿಗೆ ಇಳಿಸಿ ನೋಡಿದೆ. ಆರೂ ಕೋಣೆ 1250.

ಅಣ್ಣ
ಕದಿರಪ್ಪ